ಮೂರನೆಯ ಹೂಂ

ಎದುರಿಗೆ ಕೂತಿದ್ದ ರೋಗಿಗೆ, ಕ್ಲಾಸಿನವರೆಲ್ಲ ರೇಡಿಯೋ ಎಂದು ಕರೆಯುವ ಹುಡುಗಿ ಆಗಲೇ ಬಿಸಿ ಹಾಲು ಕುಡಿಯಲು ಹೇಳಿದ್ದಳು, ಸಂಜೆ ನಡೆದಾಡಲು ಹೇಳಿದ್ದಳು, ತನ್ನ ಚಿಕ್ಕಮ್ಮನಿಗೂ ಹೀಗೇ ನಿದ್ದೆ ಬರುತ್ತಿರಲಿಲ್ಲವೆಂದು ಚಿಕ್ಕಮ್ಮನ ಪುರಾಣವನ್ನೂ ಬಿಚ್ಚಿದ್ದಳು. ರೋಗಿ ಬಾಯಿ ತೆರೆದದ್ದು ಒಂದೇ ಸಲ, ಅದೂ ಆಕಳಿಸಲು.

ರೋಗಿ ಎಂದರೆ ನಿಜವಾದ ರೋಗಿಯಲ್ಲ, ಹುಡುಗಿಯರು ಹೂಂ ಮೇಡಂ ಎಂದು ಹೆಸರಿಟ್ಟಿದ್ದ ಟೀಚರು. ಮನೋರೋಗ ಶುಶ್ರೂಷೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೇಡಂ ರೋಗಿಯ ಪಾತ್ರ ಹಾಕುತ್ತಾರೆ, ವಿದ್ಯಾರ್ಥಿನಿ ನರ್ಸಾಗಿ ಅವರನ್ನು ಮಾತಾಡಿಸಬೇಕು. ಈ ಸಲದ ಪಾತ್ರ, ಮನೆ ಬದಲಿಸಿದ ಮೇಲೆ ನಿದ್ದೆ ಬಾರದ ಹೆಂಗಸು. ಒಮ್ಮೆ ಡುಮ್ಕಿ ಹೊಡೆದಿದ್ದ ರೇಡಿಯೋಗೆ ಇದೇ ಕೊನೆಯ ಅವಕಾಶ. ತಪ್ಪಿದರೆ ನರ್ಸಿಂಗಿಗೆ ಕೈಮುಗಿದು ದೊಡ್ಡಪ್ಪನ ಪಾತ್ರೆ ಅಂಗಡಿಯಲ್ಲಿ ಕೂರಬೇಕು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ಹುಡುಗಿ, ಪಾಪ, ಏನು ಮಾಡಿಯಾಳು.

ಹೂಂ ಮೇಡಂ ಅಂದರೆ ಸಾಮಾನ್ಯರಲ್ಲ. ಅರ್ಧ ಆಯುಷ್ಯ ವಾರ್ಡಿನಲ್ಲಿ ಕಳೆದು, ರೋಗಿಗಳ ಮಾತಿಗೆ ನರ್ಸುಗಳು ಹೂಂಗುಟ್ಟುವ ಬಗೆಯನ್ನೇ ಸಂಶೋಧನೆ ಮಾಡಿ ಡಾಕ್ಟರೇಟು ತಗೊಂಡವರು. ಹೂಂ ಅನ್ನೋಕೂ ಡಾಕ್ಟರೇಟಾ ಎಂದು ಅವರ ಯಜಮಾನರು ಇವತ್ತಿಗೂ ನಗುತ್ತಾರಂತೆ. ಕ್ಲಾಸಿನಲ್ಲಿ ಅವರು ಕಲಿಸುತ್ತಿದ್ದದ್ದು ಮೂರು ಹೂಂ. ಆಯ್ತು ಅನ್ನುವ ಒಪ್ಪಿಗೆ ಹೂಂ. ಸಾಕು ಬಿಡು ಅನ್ನುವ ಹೂಂ. ಮುಂದೆ ಹೇಳಿ, ನಾನಿದ್ದೀನಿ ಅನ್ನುವ ಹೂಂ. ಮೂರನೆಯದು ಬಾರದಿದ್ದವಳು ನರ್ಸಲ್ಲ, ಬರೀ ಯೂನಿಫಾರ್ಮು ಅನ್ನುತ್ತಿದ್ದರು. ರೇಡಿಯೋಗೆ ಮೂರರಲ್ಲಿ ಒಂದೂ ಬಂದಿರಲಿಲ್ಲ.

ಸಲಹೆಗಳ ಗಂಟು ಖಾಲಿಯಾಗಿ ಅವಳು ಉಸಿರು ತೆಗೆದುಕೊಂಡ ಸಂದಿಯಲ್ಲಿ ಮೇಡಂ ಮಾತು ತೆಗೆದರು. "ಮೊದಲಿದ್ದ ಕಡೆ ನೆನಪಾಗುತ್ತೆ. ಹೋದ ವಾರ ತಡೀಲಾರದೆ ವಾರ್ಡಿಗೆ ಹೋಗಿದ್ದೆ. ಶಾಲು ಹೊದ್ದು ಹಳೇ ರೋಗಿ ಒಬ್ಬರ ಪಕ್ಕ ಕೂತಿದ್ದೆ. ಬಾಗಿಲಿಂದ ಯಾವಳೋ ಹುಡುಗಿ, 'ಅಜ್ಜೀ, ಭೇಟಿ ಟೈಮ್ ಮುಗೀತು, ಎದ್ದೇಳಿ' ಅಂದ್ಳು. ಎದ್ದು ಬಂದೆ."

ಮನೆ ಬದಲಿಸಿದ ಹೆಂಗಸಿಗೆ ವಾರ್ಡು ಎಲ್ಲಿಂದ ಬಂತು? ಇದು ಪಾತ್ರದ ಮಾತಲ್ಲ, ಮೇಡಂ ಅವರದೇ ಮಾತು. ಹೋದ ವಾರ ಆ ವಾರ್ಡಿನಲ್ಲಿ ತರಬೇತಿಗಿದ್ದವಳು ರೇಡಿಯೋನೇ. ಹಿಂದಿನಿಂದ ಕಂಡಿದ್ದ ಶಾಲೂ ನೆನಪಾಯಿತು, ಅಜ್ಜಿ ಅಂದ ಬಾಯಿಯೂ ತನ್ನದೇ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಹೇಗೋ ಒಂದು ದನಿ ಹೊರಟಿತು.

"ಹೂಂ..."

ಮೇಡಂ ತಲೆಯೆತ್ತಿ ನೋಡಿದರು. ಆಮೇಲೆ ತಡೆಯಿಲ್ಲದೆ ಹೇಳುತ್ತ ಹೋದರು. ಪಾಠ ಮಾಡಲು ಬಂದ ಮೇಲೆ ಎಲ್ಲರೂ ತನ್ನ ಮಾತು ಬರೆದುಕೊಳ್ಳುತ್ತಾರೆ, ಒಬ್ಬರೂ ತಮ್ಮ ಮಾತು ಹೇಳುವುದಿಲ್ಲ ಎಂದರು. ಕನಸಿನಲ್ಲಿ ಯಾರೋ ಸಿಸ್ಟರ್ ಎಂದು ಕೂಗುತ್ತಾರೆ, ಎದ್ದು ಕೂತು ಚಪ್ಪಲಿ ಹುಡುಕುತ್ತೇನೆ ಎಂದರು. ಹೆದರಿ ಕಲ್ಲಾಗಿದ್ದ ರೇಡಿಯೋ ನಡುನಡುವೆ ಹೂಂ ಅನ್ನುತ್ತಿದ್ದಳು. ಬರಬರುತ್ತಾ ಹೆದರಿಕೆ ಮರೆತೇಹೋಗಿ, ಅಯ್ಯೋ ಅನ್ನಿಸಿಯೇ ಹೂಂ ಅನ್ನತೊಡಗಿದಳು. ಗಂಟೆ ಬಾರಿಸಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಕೊನೆಗೆ ಮೇಡಂ ಕಣ್ಣೊರೆಸಿಕೊಂಡು, ಕನ್ನಡಕ ಏರಿಸಿ, ಮತ್ತೆ ಪರೀಕ್ಷಕರಾದರು.

"ಮೇಡಂ, ನಾನು ಪಾಸಾ?" ರೇಡಿಯೋ ಕೇಳಿದಳು.

"ಹೂಂ."

ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಅದು ಯಾವ ಹೂಂ? ತಿರುಗಿ ನೋಡಿದರೆ ಮೇಡಂ ಕತ್ತು ವಾಲಿಸಿ ತನ್ನನ್ನೇ ನೋಡುತ್ತಿದ್ದಾರೆ. ಮೂರನೆಯದೇ, ಅನುಮಾನವಿಲ್ಲ. ಎಲ್ಲ ಗೊತ್ತಾಗಿದೆ, ನೀನಾಗೇ ಬಾಯಿ ಬಿಡು ಅನ್ನುತ್ತಿದ್ದಾರೆ. ಸರಸರ ವಾಪಸು ಬಂದು ಕುರ್ಚಿ ಎಳೆದು ಕೂತಳು. ಅಜ್ಜಿ ಅಂದವಳು ನಾನೇ ಮೇಡಂ, ಹಿಂದಿನಿಂದ ಗುರುತು ಸಿಗಲಿಲ್ಲ, ಶಾಲು ಬೇರೆ ಹಳೇದಿತ್ತು, ಬೆನ್ನೂ ಸ್ವಲ್ಪ ಬಾಗಿತ್ತು ಎಂದು ಒಂದೇ ಉಸಿರಿಗೆ ಒದರಿಬಿಟ್ಟಳು.

ಮೇಡಂ ಪೆನ್ನು ಕೆಳಗಿಟ್ಟು, ಬಿಟ್ಟ ಬಾಯಿ ಬಿಟ್ಟಂತೆಯೇ ಎಲ್ಲವನ್ನೂ ಕೇಳಿದರು.

"ನಾನು ಅಂದಿದ್ದು ಒಪ್ಪಿಗೆ ಹೂಂ ಕಣೇ," ಎಂದರು.