ಐವತ್ತನೇ ವರ್ಷದ ಫೋಟೊ

ಔಷಧಿ ಕಾರ್ಖಾನೆಯವರು ಕೆರೆಗೆ ವಿಷದ ನೀರು ಬಿಟ್ಟರು, ಮೀನೆಲ್ಲ ಸತ್ತವು. ಈಗ ಅದೇ ಕಾರ್ಖಾನೆಯ ಖರ್ಚಿನಲ್ಲಿ ಸಾಲುಗಾಳ ಮೀನುಗಾರರ ಸಂಘದ ಐವತ್ತು ವರ್ಷದ ಚರಿತ್ರೆ ದೂರದ ನಗರದ ಅಬಿಡ್ಸ್ ಬಡಾವಣೆಯ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಕೊನೆಯ ಪುಟದ ಫೋಟೊ ಒಂದೇ ಬಾಕಿ. ಅದಕ್ಕೆಂದು ಪೇಟೆಯಿಂದ ಕೊಂಡು ತಂದ ಕೊರಮೀನು ಕೆರೆಯ ದಂಡೆಯಲ್ಲಿ ನಿಂತ ಸಾಬಣ್ಣನ ಕೈಯಲ್ಲಿ ಒದ್ದಾಡುತ್ತಿತ್ತು.

"ಗಾಳಕ್ಕ ಸಿಗಸ್ರಿ ಕಾಕಾ, ಹಗ್ಗ ಮ್ಯಾಲೆತ್ತಿ ನಗ್ರಿ," ಎಂದ ಸಂಘದ ಕಾರ್ಯದರ್ಶಿ ಮಹೇಶಕುಮಾರ, ಸಾಬಣ್ಣನ ಅಣ್ಣನ ಮಗ. "ಕೆರಿ ಜೀವಂತ ಐತಿ ಅಂತ ಕಾಣಬೇಕು."

"ಐತೇನೋ?"

"ಅದನ್ನ ಫೋಟೊ ಕೇಳಂಗಿಲ್ಲ ಬಿಡ್ರಿ. ಜಲ್ದಿ, ಕಾರ್ಖಾನಿ ಸಾಬ್ರು ಕಾಯಾಕತ್ತಾರ."

ಕೆರೆಯ ಮೀನಿನ ಗುತ್ತಿಗೆದಾರರನ್ನು ಓಡಿಸಲು ಸಾಬಣ್ಣನ ಅಪ್ಪ ಕಟ್ಟಿದ ಸಂಘ ಅದು. ಒಂದೇ ಹಗ್ಗಕ್ಕೆ ನೂರಾರು ಗಾಳ ಕಟ್ಟಿ ಸಂಜೆ ಇಳಿಬಿಟ್ಟು ಬೆಳಿಗ್ಗೆ ಎಳೆದರೆ ತೆಪ್ಪ ತುಂಬುತ್ತಿತ್ತು. ಈಗ ಹಗ್ಗಕ್ಕೆ ಬರೀ ನೊರೆ ಹತ್ತುತ್ತದೆ. ಈ ಫೋಟೊ ಅಚ್ಚಾದರೆ, ಕೆರೆ ಸತ್ತಿದೆ ಎಂದು ಸಂಘ ಕಾರ್ಖಾನೆಯ ಮೇಲೆ ಹೂಡಿದ ಮೊಕದ್ದಮೆಯೂ ಸತ್ತಂತೆಯೇ.

"ಕೇಸು ಹಂಗೂ ಗೆಲ್ಲಂಗಿಲ್ಲ ಕಾಕಾ," ಮಹೇಶನ ದನಿ ಇಳಿಯಿತು. "ಪುಸ್ತಕದಾಗರ ನಮ್ಮ ಹೆಸರು ಉಳೀಲಿ."

ಗೆಲ್ಲುವುದಿಲ್ಲವೆಂದು ಸಾಬಣ್ಣನಿಗೂ ಗೊತ್ತಿತ್ತು. ಆದರೂ ಅವನು ಮೀನನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡ.

"ಹೋಗ್ಲಿ, ನೀರಿಗರ ಬಿಡ್ರಿ. ಅದನ್ನ ಫೋಟೊ ಹೊಡೀತೀವಿ. ನಿಮಗ ಪುಣ್ಯಾನೂ ಬರ್ತೈತಿ," ಎಂದು ಮಹೇಶ ಹಲ್ಲು ಕಿರಿದ.

ಸಾಬಣ್ಣ ಕೆರೆಯನ್ನೊಮ್ಮೆ ನೋಡಿ, ಬಕೆಟ್ಟನ್ನು ಎದೆಗವಚಿಕೊಂಡ.

"ಬೇಕಾದ್ರ ಕೊಯ್ದು ತಿಂತೀನಿ. ಈ ನೀರಿಗೆ ಮಾತ್ರ ಬಿಡಂಗಿಲ್ಲ."