ಕಳೆಗೆ ಔಷಧಿ

"ನಿಲ್ಲಿಸು! ಮೊದ್ಲು ಆ ಪಂಪ್ ನಿಲ್ಲಿಸು!"

ಕೀಟತಜ್ಞೆ ಕೂಗುತ್ತಾ ನದಿ ದಂಡೆಗೆ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದೇ ಹೋಗಿತ್ತು. ದಂಡೆಯುದ್ದಕ್ಕೂ ಹಬ್ಬಿದ್ದ ಮುಳ್ಳುಕಳೆಯ ಎಲೆಗಳಿಂದ ಕೀಟನಾಶಕ ತೊಟ್ಟಿಕ್ಕುತ್ತಿತ್ತು. ಔಷಧಿ ಹೊಡೆಯುವವನು ಬೆನ್ನಿನ ಡಬ್ಬಿ ಇಳಿಸುತ್ತಾ, "ಸಾಹೇಬ್ರು ಹೇಳಿದ್ರು ಅಕ್ಕಾ. ಹುಳ ಬಿದ್ದು ಗಿಡ ಒಣಗ್ತಿದೆಯಂತೆ," ಎಂದ.

ಅವಳು ಒಂದು ಕೊಂಬೆ ಅಲುಗಿಸಿದಳು. ಜೀರಿಗೆ ಕಾಳಿನಷ್ಟು ಚಿಕ್ಕ ಜೀರುಂಡೆಗಳು ಅಂಗೈಗೆ ಉದುರಿದವು. ಇವುಗಳ ಮರಿಗಳು ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ತಿರುಳು ಮೇಯುತ್ತವೆ. ಈ ಕಳೆ ಬಿಟ್ಟು ಬೇರೆ ಎಲೆ ಮೂಸಿಯೂ ನೋಡುವುದಿಲ್ಲ. ಅದು ಖಾತ್ರಿಯಾಗಲೆಂದು ಎಂಬತ್ತು ಬಗೆಯ ಗಿಡಗಳನ್ನು ಅವುಗಳ ಮುಂದಿಟ್ಟು ನೋಡಿದ್ದಳು. ಬಲೆಗೂಡಿನಲ್ಲಿ ಸಾಕಿ, ತಂದು ಬಿಟ್ಟು, ಮೂರು ವರ್ಷ ಕಾದಿದ್ದಳು. ಈಗಷ್ಟೇ ಕಳೆ ಸೋಲತೊಡಗಿತ್ತು. ಅದರಡಿ ಉಸಿರುಗಟ್ಟಿದ್ದ ಹುಲ್ಲು ಅಲ್ಲಲ್ಲಿ ತಲೆಯೆತ್ತಿತ್ತು.

ಸತ್ತ ಜೀರುಂಡೆಗಳನ್ನು ಹಾಗೇ ಹಿಡಿದುಕೊಂಡು ಹೋಗಿ ಉದ್ಯಾನಾಧಿಕಾರಿಯ ಮೇಜಿನ ಮೇಲೆ ಸುರಿದಳು.

"ಏನ್ರೀ ಮೇಡಂ ಇದು?"

"ಕಳೆ ತಿನ್ಲಿ ಅಂತ ನಾನು ಬಿಟ್ಟ ಜೀರುಂಡೆ. ಅನುಮತಿಗೆ ಸಹಿ ಹಾಕಿದ್ದು ನೀವೇ!"

"ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕ್ತೀನಿ, ಎಲ್ಲಾ ನೆನಪಿರತ್ತಾ? ದಂಡೆ ಕಂದಾಗಿ ಹೋಗ್ತಿದೆ ಅಂತ ವಾಕಿಂಗ್‌ನವರು ದೂರು ಕೊಟ್ರು. ಜನಕ್ಕೆ ಹಸಿರು ಬೇಕು."

"ಅದು ಕಳೆ ಸಾರ್! ಕಡಿಸಿ ಕಡಿಸಿ ನಿಮ್ಮ ಆಫೀಸೇ ಸುಸ್ತಾಗಿತ್ತು."

"ಕಳೆಯೋ ಬೆಳೆಯೋ, ಹಸಿರಾಗಿದೆಯಲ್ಲ? ಒಂದು ಹುಳಕ್ಕೆ ಯಾಕಿಷ್ಟು ಎಗರಾಡ್ತೀರಿ? ಇನ್ನೊಂದಷ್ಟು ಸಾಕಿದ್ರಾಯ್ತು." ಆತ ಕಾಗದದ ತುದಿಯಿಂದ ಮೇಜನ್ನು ಗುಡಿಸಿ, ಜೀರುಂಡೆಗಳನ್ನು ಕಸದ ಬುಟ್ಟಿಗೆ ತಳ್ಳಿದ.

"ಹಾಗಾದ್ರೆ ಬರೆದುಕೊಡಿ, ಕಳೆ ಉಳಿಸೋಕೆ ಔಷಧಿ ಹೊಡೆಸಿದೆ ಅಂತ!" ಎಂದಳು. ಆತ ನಕ್ಕು ಫೋನ್ ಎತ್ತಿಕೊಂಡ. ಮೇಲಧಿಕಾರಿಗಳಿಗೆ ಅವಳು ಬರೆದ ಮೂರು ದೂರುಗಳಿಗೂ ಉತ್ತರ ಬರಲಿಲ್ಲ.

ಎರಡು ತಿಂಗಳಲ್ಲಿ ಕಳೆ ಮೊದಲಿಗಿಂತ ಸೊಂಪಾಗಿ ಚಿಗುರಿತು. ಹುಲ್ಲು ಮತ್ತೆ ಅದರಡಿ ಹೂತುಹೋಯಿತು. ಒಂದು ಬೆಳಿಗ್ಗೆ ಅವಳು ಸೆರಗು ಬಿಗಿದು, ಬುಡ ಹಿಡಿದು ಬರಿಗೈಯಲ್ಲೇ ಕೀಳತೊಡಗಿದಳು. ಅಂಗೈ ತರಚಿ ರಕ್ತ ಬಂದರೂ ಬಿಡಲಿಲ್ಲ.

ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಿಂತು, ಹೊಸದಾಗಿ ನೆಟ್ಟ 'ಸಂರಕ್ಷಿತ ಹಸಿರು ವಲಯ' ಎಂಬ ಹಲಗೆಯತ್ತ ಕೋಲು ತೋರಿಸಿ ಗದರಿದರು:

"ನೋಡಿದ್ರೆ ಓದ್ಕೊಂಡಿರೋ ಹಾಗೆ ಕಾಣ್ತೀಯಲ್ಲಮ್ಮಾ, ಗಿಡದ ಬೆಲೆ ಗೊತ್ತಿಲ್ವಾ?"