ವೀರಭದ್ರನ ಎಡಹೆಗಲು

ಅಂಗೈಯಷ್ಟೆತ್ತರದ ಬೆಳ್ಳಿಯ ವೀರಭದ್ರನ ಎರಡೂ ಹೆಗಲಿಗೆ ಒಂದೊಂದು ಒದ್ದೆ ಸೇವಂತಿಗೆ ಎಸಳು ಅಂಟಿಸಿ ಶಿವಬಸವ್ವ ಕೈಮುಗಿದಳು.

"ತಂದೀ, ಬಲಗಡೆ ಎಸಳು ಬಿದ್ರ ಆರು ಸಿಲಿಂಡರಿನ ಗಾಡಿ, ಎಡಗಡೆ ಬಿದ್ರ ನಾಕು ಸಿಲಿಂಡರಿಂದು. ಇವರಿಬ್ಬರ ಜಗಳಾ ಕೇಳಿ ಕೇಳಿ ನನಗ ಸಾಕಾಗೇದ. ಲಗೂನ ಹೇಳಪಾ."

ಮಗ ಸುಹಾಸ ಒಂದು ಪಕ್ಕ, ಸೊಸೆ ಸ್ವರ್ಣಲತಾ ಇನ್ನೊಂದು ಪಕ್ಕ ಕುಳಿತರು. ನೀರು ಆರಿದಂತೆ ಯಾವುದಾದರೊಂದು ಎಸಳು ಮೊದಲು ಜಾರಲೇಬೇಕು. ಹೊಲ ಕೊಳ್ಳುವುದಿರಲಿ, ಹೆಣ್ಣು ತರುವುದಿರಲಿ, ಹೂ ಕೇಳದೆ ಈ ಮನೆತನ ಹೆಜ್ಜೆ ಇಟ್ಟದ್ದಿಲ್ಲ. ಸ್ವರ್ಣಲತಾ ಈ ಮನೆಗೆ ಬಂದದ್ದೂ ಬಲಗಡೆಯ ಹೂವಿನಿಂದಲೇ. ಊರು ಬಿಟ್ಟು ಪುಣೆಯ ಖಡಕಿಯಲ್ಲಿ ಮೂರನೇ ಮಹಡಿಯ ಮನೆಗೆ ಬಂದ ಮೇಲೂ ದೇವರಿಗೆ ಈ ಕೆಲಸ ತಪ್ಪಿರಲಿಲ್ಲ.

ಜಗಳವಾದರೂ ಎಂಥದು! ಮಗರಪಟ್ಟಾದ ಹಳೇ ಕಾರುಗಳ ಅಂಗಡಿಯಲ್ಲಿ ಅಕ್ಕಪಕ್ಕ ನಿಂತ ಎರಡು ಸೆಡಾನುಗಳದ್ದು. ಚಾಕಣದ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸುಹಾಸನಿಗೆ ಆರು ಸಿಲಿಂಡರಿನ ಕರಿಗಾಡಿಯ ಮೇಲೆ ಜೀವ.

"ಸದ್ದಿಲ್ಲ, ನಡುಕಿಲ್ಲ. ರೇಷ್ಮಿ ಹಂಗ ಓಡ್ತದ," ಎಂದಿದ್ದ.

"ಪುಣೇದ ಟ್ರಾಫಿಕ್ಕಿನ್ಯಾಗ ರೇಷ್ಮಿ ಆದ್ರೇನ್ರಿ, ಗೋಣಿಚೀಲ ಆದ್ರೇನ್ರಿ? ಹೋಗಿ ನಿಲ್ಲೂದು ಅದ ಸಿಗ್ನಲ್ಲಿಗೆ," ಎಂದಿದ್ದಳು ಸ್ವರ್ಣಲತಾ.

"ನಿನಗ್ಯಾಕ ಆ ಚಿಂತಿ? ಅದನ್ನ ನೀ ಮುಟ್ಟೂದ ಬ್ಯಾಡ. ಅಂಥಾ ಗಾಡಿಗೆ ಒಂದು ಗೀರು ಬಿದ್ರ ನನ್ನ ಎದೀ ಒಡೀತದ."

ವಿಷಯ ಇದ್ದದ್ದೇ ಅಲ್ಲಿ. ಸ್ವರ್ಣಲತಾಳ ಲೈಸೆನ್ಸು ಕಪಾಟಿನಲ್ಲಿ ಮದುವೆಯ ಸೀರೆಗಳ ನಡುವೆ ಮಲಗಿತ್ತು. ಅಂಗಡಿಯಲ್ಲಿ ಅವಳು ಕೈ ಚಾಚಿದರೂ ಮಾರುವವನು ಬೀಗದಕೈಯನ್ನು ಸುಹಾಸನ ಅಂಗೈಯಲ್ಲೇ ಇಟ್ಟಿದ್ದ. ನಾಲ್ಕರ ಬಿಳಿ ಗಾಡಿ ಬಂದರೆ ಅವಳೂ ಓಡಿಸಬಹುದೆಂದು ಸುಹಾಸನೇ ಒಪ್ಪಿದ್ದ. ಆರರದು ಬಂದರೆ ಜೀವನವಿಡೀ ಪಕ್ಕದ ಸೀಟು. ಆದ್ದರಿಂದ ಬೆಳಿಗ್ಗೆ ದೇವರ ಮೈ ತೊಳೆದು ಒರೆಸುವಾಗ ಅವಳು ಬಲಹೆಗಲಿಗೆ ಒಂದು ತೊಟ್ಟು ಜೇನು ಸವರಿದ್ದಳು. ಆರರ ಎಸಳು ಇನ್ನು ಅಲುಗುವಂತಿರಲಿಲ್ಲ. ಬರೀ ನೀರಿನ ಮೇಲೆ ನಿಂತ ನಾಲ್ಕರದು ಬೀಳಲು ಎಷ್ಟು ಹೊತ್ತು?

ಬಹಳ ಹೊತ್ತೇ ಆಯಿತು. ಊದುಬತ್ತಿ ಬೂದಿಯಾಯಿತು, ಇನ್ನೊಂದು ಹಚ್ಚಿದರು. ಎಡಗಡೆಯ ಎಸಳು ಒಣಗಿ ಮುರುಟಿತು, ಜಾರಲಿಲ್ಲ. ಸ್ವರ್ಣಲತಾ ಏನೂ ಅರಿಯದವಳಂತೆ ಎದ್ದು ಫ್ಯಾನ್ ಹಾಕಿದಳು. ಸುಹಾಸ ಬೇಡವೆನ್ನಲಿಲ್ಲ.

"ಇನ್ನಷ್ಟು ಜೋರ ಇಡು," ಎಂದ. ಅವನ ಕಣ್ಣು ಬಲಹೆಗಲಲ್ಲೇ ನೆಟ್ಟಿತ್ತು.

ದಿನವೂ ಎಬ್ಬಿಸಿ ಎಬ್ಬಿಸಿ ಸಾಕಾಗುವ ಗಂಡ ಇವತ್ತು ತಾನೇ ಎದ್ದು, ಮಿಂದು, ಮಡಿಯುಟ್ಟು, "ವಿಭೂತಿ ನಾನ ಹಚ್ಚತೀನಿ," ಎಂದು ದೇವರ ಮುಂದೆ ಕುಳಿತದ್ದು ಅವಳಿಗೆ ಆಗ ನೆನಪಾಯಿತು.

"ದೇವರಿಗೆ ನಿದ್ದಿ ಹತ್ತೇದೇನು?" ಶಿವಬಸವ್ವ ಮುಂದೆ ಬಾಗಿ ಬಲಗಡೆಯ ಎಸಳು ಮುಟ್ಟಿದಳು. ಅದು ನೂಲಿನಂಥ ಎಳೆ ಬಿಡುತ್ತ ಬೆರಳಿಗೆ ಬಂತು. ಬೆರಳನ್ನು ನಾಲಗೆಗೆ ತಾಗಿಸಿ ಸೊಸೆಯನ್ನು ನೋಡಿದಳು. ಸೊಸೆ ಫ್ಯಾನ್ ನೋಡಿದಳು.

ಆಮೇಲೆ ಎಡಗಡೆಯದನ್ನು ಹಿಡಿದೆಳೆದಳು. ಎಸಳು ಬರಲಿಲ್ಲ, ವೀರಭದ್ರನೇ ಪೀಠದ ಮೇಲೆ ಗರ್ರನೆ ತಿರುಗಿ ಗೋಡೆಗೆ ಮುಖಮಾಡಿ ನಿಂತ. ಶಿವಬಸವ್ವ ಬೆರಳು ಮೂಸಿದಳು.

"ದಿನಾ ಸಂಜಿಗೆ ನಿನ್ನ ಅಂಗಿಗೆ ಬರೂ ವಾಸನಿ ಇದು."

"ಎಂಜಿನ್ನಿನ ಅಂಟವ್ವಾ," ಸುಹಾಸ ತಲೆ ತಗ್ಗಿಸಿದ. "ಎಣ್ಣಿ ಸೋರಬಾರದಂತ ಹಚ್ಚತೇವಿ. ಆದ್ರ ಆಕೀನೂ ಮೋಸ ಮಾಡ್ಯಾಳಲ್ಲ!"

"ಮಾಡ್ಯಾಳ. ಆಕೀ ಮೋಸ ತೊಳದ್ರ ಹೋಗ್ತದ. ನಿಂದು?"

ನಿಂಬೆಹಣ್ಣು ತಿಕ್ಕಿದರು, ಬಿಸಿನೀರು ಸುರಿದರು. ಹೋಗಲಿಲ್ಲ.

"ನಾಕರದ್ದ ತರ್ರಿ," ಶಿವಬಸವ್ವ ಎದ್ದು ನಿಂತಳು. "ಮೊದಲನೇ ಸವಾರಿ ರವಿವಾರಪೇಠದ ಓಣಿಗೆ, ಈ ಅಂಟು ಬಿಡಸ್ಲಿಕ್ಕೆ ಬೆಳ್ಳಿ ಕೆಲಸದವನ ಅಂಗಡಿಗೆ. ಗಾಡಿ ಆಕಿ ಹೊಡೀಲಿ. ನೀ ದೇವರನ್ನ ಹಿಡಕೊಂಡು ಕುಂಡ್ರು."

"ಅವ್ವಾ, ದೇವರು ಇನ್ನೂ ಏನೂ ಹೇಳೇ ಇಲ್ಲ!"

"ಹೇಳ್ಲಿಕ್ಕೆ ನೀವಿಬ್ಬರೂ ಎಲ್ಲಿ ಬಿಟ್ರಿ?"

ಗಾಡಿ ಮನೆಗೆ ಬಂದ ದಿನವೇ ಹೊರಟರು. ಸುಹಾಸ ಪಕ್ಕದ ಸೀಟಿನಲ್ಲಿ ವೀರಭದ್ರನನ್ನು ತೊಡೆಯ ಮೇಲಿಟ್ಟುಕೊಂಡು, "ಬ್ರೇಕ್, ಸ್ವರ್ಣಾ, ಬ್ರೇಕ್," ಎಂದು ಜಪಿಸುತ್ತ, ದಾರಿಯುದ್ದಕ್ಕೂ ಉಗುರಿನಿಂದ ಆ ಎಸಳನ್ನು ಕೆರೆಯುತ್ತಲೇ ಇದ್ದ. ಬೆಳ್ಳಿ ಕೆಲಸದವನ ಮುಂದೆ ಮಾನ ಉಳಿಯಬೇಕಲ್ಲ! ಶಿವಾಜಿನಗರದ ಹತ್ತಿರ ರಸ್ತೆಯ ಉಬ್ಬೊಂದನ್ನು ಸ್ವರ್ಣಲತಾ ನೋಡಲಿಲ್ಲವೋ, ನೋಡಿಯೂ ಬಿಟ್ಟಳೋ, ಮೂವರೂ ಸೀಟಿನಿಂದ ಗೇಣು ಮೇಲೆದ್ದು ಕುಳಿತರು.

ಎಸಳು ಕಳಚಿ ಸುಹಾಸನ ತೊಡೆಗೆ ಬಿತ್ತು.

ಹಿಂದಿನ ಸೀಟಿನಿಂದ ಬಗ್ಗಿ ನೋಡಿದ ಶಿವಬಸವ್ವ ಎರಡೂ ಕೈ ಜೋಡಿಸಿದಳು.

"ಎಡಗಡೆ! ನೋಡಪಾ, ತಡಾ ಮಾಡಿದ್ರೂ ಖರೇ ಹೇಳಿದ ನಮ್ಮಪ್ಪ."

ಸ್ವರ್ಣಲತಾ ಗೇರು ಬದಲಿಸಿದಳು. ಸುಹಾಸ ತನ್ನ ಉಗುರನ್ನೇ ನೋಡುತ್ತ ಕುಳಿತ.